ಬಾಲಾಪರಾಧಿಯ ಪರವಾಗಿ ನಿಲ್ಲುವವರು ಯಾರು?

ಅಪ್ರಾಪ್ತನೊಬ್ಬ ಕೊಲೆ ಅಥವಾ ಅತ್ಯಾಚಾರದ ಆರೋಪಿಯಾದನೆಂಬ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಒಂದೇ ಕೂಗು ಏಳುತ್ತದೆ: ಇವನನ್ನು ದೊಡ್ಡವರಂತೆಯೇ ಶಿಕ್ಷಿಸಬೇಕು. 2012ರ ದೆಹಲಿ ಪ್ರಕರಣದ ಬಾಲಾಪರಾಧಿಗೆ ಮೂರು ವರ್ಷಗಳ ಸುಧಾರಣಾ ಗೃಹವಾಸವಷ್ಟೇ ದೊರೆತಾಗ ಆ ಕೂಗು ಕಾನೂನಿನ ರೂಪವನ್ನೂ ಪಡೆಯಿತು. 2016ರ ಜನವರಿ 15ರಂದು ಜಾರಿಗೆ ಬಂದ ಬಾಲನ್ಯಾಯ ಕಾಯ್ದೆಯಂತೆ, ಕನಿಷ್ಠ ಏಳು ವರ್ಷಗಳ ಶಿಕ್ಷೆಯಿರುವ ಘೋರ ಅಪರಾಧದ ಆರೋಪ 16 ತುಂಬಿದವನ ಮೇಲಿದ್ದರೆ, ಬಾಲನ್ಯಾಯ ಮಂಡಳಿಯು ಅವನ ಮಾನಸಿಕ ಸಾಮರ್ಥ್ಯ, ಪರಿಣಾಮದ ಅರಿವು ಮತ್ತು ಕೃತ್ಯದ ಸನ್ನಿವೇಶವನ್ನು ತೂಗಿ ನೋಡಿ, ವಯಸ್ಕನಂತೆ ವಿಚಾರಣೆ ನಡೆಸಲು ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದು.

ಸಂತ್ರಸ್ತರ ಮನೆಯವರ ನೋವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಗಳನ್ನು ಕಳೆದುಕೊಂಡ ತಾಯಿಗೆ ಆರೋಪಿಯ ವಯಸ್ಸಿನ ಲೆಕ್ಕ ಹೇಳುವುದು ಕ್ರೂರವೇ ಸರಿ.

ಹದಿನೈದಕ್ಕೆ ಬಾಲಿಗ್ ಆದವನಿಗೆ ಈ ರಿಯಾಯಿತಿ ಏಕೆ ಎಂದು ನಮ್ಮವರೇ ಕೇಳುವುದುಂಟು. ಹದಿನಾಲ್ಕರ ಇಬ್ನು ಉಮರ್(ರ)ರನ್ನು ಪ್ರವಾದಿ(ಸ)ಯವರು ಉಹುದ್ ಯುದ್ಧಕ್ಕೆ ಸೇರಿಸಿಕೊಳ್ಳಲಿಲ್ಲ, ಹದಿನೈದಾದಾಗ ಖಂದಕ್‌ಗೆ ಸೇರಿಸಿಕೊಂಡರು. ಬಹುತೇಕ ಕರ್ಮಶಾಸ್ತ್ರಜ್ಞರ ಹದಿನೈದರ ಗಡಿಗೆ ಇದೇ ಆಧಾರ. ಆದರೆ ದೇಹದಲ್ಲಿ ಪ್ರೌಢತೆಯ ಲಕ್ಷಣ ಕಾಣದ ಹುಡುಗನ ವಿಷಯದಲ್ಲಿ ಇಮಾಮ್ ಅಬೂ ಹನೀಫಾ(ರ) ಹದಿನೆಂಟರವರೆಗೆ ಕಾದರು. ಇನ್ನೂ ಗಮನಾರ್ಹವಾದುದು ಅನ್ನಿಸಾ ಅಧ್ಯಾಯದ ಆರನೆಯ ಸೂಕ್ತ. ಅನಾಥನು ವಿವಾಹದ ವಯಸ್ಸಿಗೆ ಬಂದರಷ್ಟೇ ಸಾಲದು, ಅವನಲ್ಲಿ ವಿವೇಕ ಮೂಡಿದೆಯೇ ಎಂದು ಪರೀಕ್ಷಿಸಿದ ಬಳಿಕವೇ ಆಸ್ತಿಯನ್ನು ಒಪ್ಪಿಸಬೇಕೆಂದು ಅದು ಆದೇಶಿಸುತ್ತದೆ. ಅದು ಸೊತ್ತಿನ ಮಾತು, ಶಿಕ್ಷೆಯ ಮಾತಲ್ಲ, ನಿಜ. ಆದರೂ ಹಣವನ್ನು ಕೈಗಿಡಲು ಇಷ್ಟು ಎಚ್ಚರ ಬೇಕಾದರೆ, ಒಬ್ಬನ ಯೌವನವನ್ನು ಸೆರೆಮನೆಗೆ ಒಪ್ಪಿಸುವಾಗ ಎಷ್ಟು ಎಚ್ಚರ ಬೇಡ?

ಆ ಎಚ್ಚರ ಎಲ್ಲ ಮಕ್ಕಳಿಗೂ ಸಮನಾಗಿ ಸಿಗುತ್ತಿಲ್ಲವೆಂಬುದೇ ನಮ್ಮ ಆಕ್ಷೇಪ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟು 2022ರ ಜುಲೈನಲ್ಲಿ ಹೇಳಿತು. ಹೆಬ್ಬಗೋಡಿಯಿಂದ ಹೊಸೂರು ರಸ್ತೆ ಹಿಡಿದರೆ ನಿಮ್ಹಾನ್ಸ್ ಸಿಗುತ್ತದೆ. ಇಂಥ ಅನುಕೂಲವಿರುವ ಊರುಗಳು ದೇಶದಲ್ಲಿ ಎಷ್ಟಿವೆ?

ಇನ್ನು ಪರಿವೀಕ್ಷಣಾಧಿಕಾರಿ ಹದಿನೈದು ದಿನಗಳೊಳಗೆ ಸಲ್ಲಿಸಬೇಕಾದ ಸಾಮಾಜಿಕ ತನಿಖಾ ವರದಿ. ಹುಡುಗನ ಮನೆ, ಶಾಲೆ, ಸಹವಾಸಗಳನ್ನು ವಿವರಿಸುವ ಈ ವರದಿಯನ್ನು ನೋಡಿಯೇ ಮಂಡಳಿಯು ಬುದ್ಧಿವಾದ, ಸಮುದಾಯ ಸೇವೆ, ಪರಿವೀಕ್ಷಣೆಯಲ್ಲಿ ಬಿಡುಗಡೆ ಅಥವಾ ವಿಶೇಷ ಗೃಹ ಎಂದು ತೀರ್ಮಾನಿಸುತ್ತದೆ. ಹೆಬ್ಬಗೋಡಿಯ ಒಂದು ಬಾಡಿಗೆ ಕೋಣೆಯನ್ನು ಕಲ್ಪಿಸಿಕೊಳ್ಳಿ. ತಂದೆ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ತಾಯಿ ಗಾರ್ಮೆಂಟ್ಸ್‌ನಲ್ಲಿ ಹಗಲು ಪಾಳಿ. ಪಕ್ಕದ ಮನೆಯವರು ಬಂದು ಮೂರು ತಿಂಗಳಾಗಿಲ್ಲ. ಮನೆಯ ಮಾಲೀಕನಿಗೆ ಹುಡುಗನ ಹೆಸರೂ ತಿಳಿಯದು. ವರದಿಯಲ್ಲಿ ಏನು ಬರೆಯಲಾದೀತು? ‘ಹೆತ್ತವರ ನಿಗಾ ಇಲ್ಲ’ ಎಂಬ ಒಂದು ಸಾಲು. ದುಡಿದು ತಿನ್ನುವವರ ಪಾಳಿಯು ಮಗನ ವಿರುದ್ಧ ಸಾಕ್ಷಿಯಾಗುತ್ತದೆ.

2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಐಷಾರಾಮಿ ಕಾರು ಇಬ್ಬರು ಯುವ ಇಂಜಿನಿಯರುಗಳನ್ನು ಬಲಿ ಪಡೆದಾಗ, ಹದಿನೇಳರ ಹುಡುಗನಿಗೆ 300 ಪದಗಳ ಪ್ರಬಂಧ ಬರೆಯಲು ಹೇಳಲಾಯಿತು. (ಅದು ಶಿಕ್ಷೆಯಲ್ಲ, ಜಾಮೀನಿನ ಷರತ್ತು, ಜನ ಹಾಗೆ ತಿಳಿಯಲಿಲ್ಲ.) ಮುಂದೆ ಬಾಂಬೆ ಹೈಕೋರ್ಟು, ಜನರ ಆಕ್ರೋಶವನ್ನಲ್ಲ, ಕಾನೂನನ್ನು ಪಾಲಿಸಬೇಕೆಂದು ಹೇಳಿ ಅವನನ್ನು ವೀಕ್ಷಣಾಲಯದಿಂದ ಬಿಡಿಸಿ ಸೋದರತ್ತೆಯ ವಶಕ್ಕೆ ಒಪ್ಪಿಸಿತು. ಆ ಆದೇಶ ಸರಿಯೆಂದೇ ನಾವು ಭಾವಿಸುತ್ತೇವೆ. ಆದರೆ ವಹಿಸಿಕೊಳ್ಳಲು ಅಂಥ ಸೋದರತ್ತೆ ಇಲ್ಲದ, ಹೈಕೋರ್ಟಿನ ಮೆಟ್ಟಿಲು ಹತ್ತಲಾಗದ ಮಕ್ಕಳಿಗೂ ಅದೇ ಕಾನೂನು ಅನ್ವಯಿಸುತ್ತದಲ್ಲವೇ?

ಆದ್ದರಿಂದ ಸುಧಾರಣೆ ಇಲ್ಲಿಂದ ಆರಂಭವಾಗಲಿ: ಮನೆಯ ಬಡತನವೊಂದೇ ಮಗುವನ್ನು ಗೃಹಕ್ಕೆ ಕಳುಹಿಸುವ ಕಾರಣವಾಗಕೂಡದು. ಪರಿವೀಕ್ಷಣೆಯಲ್ಲಿ ಏಕೆ ಬಿಡಲಿಲ್ಲವೆಂಬುದನ್ನು ಮಂಡಳಿಯು ಪ್ರತಿ ಆದೇಶದಲ್ಲೂ ಬರೆಯಲಿ. ಹೆತ್ತವರ ಪಾಳಿ ಮುಗಿದ ಹೊತ್ತಿನಲ್ಲಿ ಅಧಿಕಾರಿ ಮನೆಗೆ ಹೋಗಲಿ. ವಯಸ್ಕನೆಂದು ಪರಿಗಣಿತನಾಗಿ ತಪ್ಪಿತಸ್ಥನಾದವನಿಗೆ ಇತರ ಮಕ್ಕಳಿಗಿರುವಂತೆ ದೋಷನಿರ್ಣಯದ ಕಳಂಕದಿಂದ ರಕ್ಷಣೆ ಇಲ್ಲ. 21 ತುಂಬುವಾಗ ಅವನು ಬದಲಾಗಿದ್ದಾನೆಂದು ನ್ಯಾಯಾಲಯವೇ ಮನಗಂಡು ಬಿಡುಗಡೆ ಮಾಡಿದರೆ ಅವನಿಗೂ ಆ ರಕ್ಷಣೆ ದೊರೆಯಬೇಕು. ಬದಲಾದವನೆಂದು ಹೊರಗೆ ಬಿಟ್ಟು ಕೆಲಸದ ಬಾಗಿಲನ್ನು ಮುಚ್ಚುವುದರಲ್ಲಿ ಯಾವ ಅರ್ಥವಿದೆ?

ಸರಕಾರವನ್ನಷ್ಟೇ ದೂರುವ ಹಕ್ಕು ನಮಗಿಲ್ಲ. ಮಗುವನ್ನು ತಾತ್ಕಾಲಿಕವಾಗಿ ವಹಿಸಿಕೊಳ್ಳಲು ‘ಯೋಗ್ಯ ವ್ಯಕ್ತಿ’ಯನ್ನು ಮಂಡಳಿಯು ಗುರುತಿಸಬಹುದೆಂದು ಕಾಯ್ದೆಯಲ್ಲೇ ಇದೆ. ನಮ್ಮ ಜಮಾಅತ್‌ಗಳಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಗ್ಯಾರೇಜು ನಡೆಸುವವರಿದ್ದಾರೆ, ವಕೀಲರಿದ್ದಾರೆ. ಇಂಥ ನಾಲ್ಕೈದು ಮಂದಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಿ ಹೆಸರು ಕೊಡಬಹುದು. ಹುಡುಗನ ಧರ್ಮವನ್ನು ಕೇಳುವ ಅಗತ್ಯವಿಲ್ಲ. ಪರಿವೀಕ್ಷಣಾಧಿಕಾರಿ ಬಂದು ಬಾಗಿಲು ತಟ್ಟಿದಾಗ, ಈ ಹುಡುಗನನ್ನು ನಾವು ಬಲ್ಲೆವು, ವಾರಕ್ಕೆರಡು ಸಲ ನಮ್ಮ ಬಳಿ ಬರುತ್ತಾನೆ ಎಂದು ಹೇಳುವ ಒಬ್ಬರು ಆ ಬೀದಿಯಲ್ಲಿರಬೇಕು.