'ಫುಲ್ ಚಿಲ್ಡ್' ಅಂದ್ರೆ ಎಷ್ಟು ಡಿಗ್ರಿ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲೇ ಹೋಗಿ, ಬಾರ್ ಕೌಂಟರಿನಲ್ಲಿ ಕೇಳೋ ಮಾತು ಒಂದೇ: "ಅಣ್ಣಾ, ಫುಲ್ ಚಿಲ್ಡ್ ಇರೋದು ಕೊಡಿ." ಲ್ಯಾಬ್ ರೆಕಾರ್ಡಲ್ಲಿ ಯೂನಿಟ್ ಬರೀದಿದ್ರೆ ಮಾರ್ಕ್ಸ್ ಕಳ್ಕೊಳ್ಳೋ ನಾವು ಇಲ್ಲಿ ಮಾತ್ರ ಡಿಗ್ರಿ ಕೇಳಲ್ಲ. ತಣ್ಣಗಿದ್ದಷ್ಟೂ ಒಳ್ಳೇದು ಅನ್ನೋ ನಂಬಿಕೆಯೇ ತಪ್ಪು ಅಂತ ನನ್ನ ವಾದ. (21 ತುಂಬದವರು, ಕುಡಿಯದವರು ಗೋಲಿ ಸೋಡಾ ಅಂದ್ಕೊಂಡು ಓದಿ. ಗ್ಯಾಸಿನ ಫಿಸಿಕ್ಸ್ ಎರಡಕ್ಕೂ ಒಂದೇ.)

ಅರ್ಧ ಸತ್ಯ ಅದರಲ್ಲಿದೆ. 20 ಡಿಗ್ರಿ ನೀರಿಗಿಂತ 0 ಡಿಗ್ರಿ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು ಎರಡರಷ್ಟು ಕರಗುತ್ತೆ. ಬೆಚ್ಚಗಿರೋ ಬಿಯರ್ ತೆಗೆದ್ರೆ ಅರ್ಧ ನೊರೆಯಾಗಿ ಟೇಬಲ್ ಪಾಲಾಗೋದು ಅದಕ್ಕೇ. ಸ್ಪಾರ್ಕ್ಲಿಂಗ್ ವೈನ್ ಬಾಟಲಿಯೊಳಗೆ 5–6 ಅಟ್ಮಾಸ್ಫಿಯರ್ ಒತ್ತಡ ಇರುತ್ತೆ, ಕಾರಿನ ಟೈರಿಗಿಂತ ಎರಡು ಪಟ್ಟು. ತಣ್ಣಗೆ ಮಾಡದೆ ಕಾರ್ಕ್ ತೆಗೆದ್ರೆ ಕಣ್ಣಿಗೇ ಅಪಾಯ.

ಆದ್ರೆ ರುಚಿಯ ಬಹುಪಾಲು ಮೂಗಿನ ಕೆಲಸ. ಅತಿ ತಣ್ಣಗಿದ್ರೆ ಘಮ ಮೇಲೇಳಲ್ಲ, ನಾಲಿಗೆಯೂ ಮರಗಟ್ಟುತ್ತೆ. ಸ್ಪಾರ್ಕ್ಲಿಂಗ್ ವೈನಿಗೆ 6–10 ಡಿಗ್ರಿ, ಮಾಮೂಲಿ ಲಾಗರ್ ಬಿಯರಿಗೆ 4–7, ಸ್ಟೌಟಿನಂಥ ಕಪ್ಪು ಬಿಯರಿಗೆ 8–12 ಸರಿ. 1 ಡಿಗ್ರಿಯಲ್ಲಿ ಕೊಟ್ಟ ಬಿಯರ್ ಒಳ್ಳೇದೋ ಕೆಟ್ಟದ್ದೋ ಗೊತ್ತೇ ಆಗಲ್ಲ. ಮಾರೋರಿಗೆ ಅದು ಅನುಕೂಲ, ಬಿಡಿ.

ಇದು ಬರೀ ಶೋಕಿ ಮಾತಲ್ಲ. ಚನ್ನಪಟ್ಟಣದಲ್ಲೇ ಹೆರಿಟೇಜ್ ವೈನರಿ ಇದೆ. ಬೆಂಗಳೂರು ಸುತ್ತಲ ರೈತರು ಬೆಳೆಯೋ ಬೆಂಗಳೂರು ಬ್ಲೂ ದ್ರಾಕ್ಷಿಗೆ ಜಿಐ ಟ್ಯಾಗ್ ಸಿಕ್ಕಿದೆ, ಅದರ ಗುರುತೇ ಘಮ. ರಾಜ್ಯ 2007ರಲ್ಲೇ ವೈನ್ ನೀತಿ ತಂತು. ಇಷ್ಟೆಲ್ಲ ಆದ್ಮೇಲೆ ನಾವು ಮಾಡೋದೇನು? ವೈಟ್ ವೈನನ್ನ ಫ್ರೀಜರಿಗೆ ತಳ್ತೀವಿ. ರೆಡ್ ವೈನನ್ನ 'ರೂಮ್ ಟೆಂಪರೇಚರ್' ಅಂತ ಏಪ್ರಿಲ್ ಸೆಕೆಯಲ್ಲಿ ಹೊರಗಿಡ್ತೀವಿ. ಆ ಮಾತು ಹುಟ್ಟಿದ್ದು ಯೂರೋಪಿನ 16–18 ಡಿಗ್ರಿ ಕೋಣೆಯಲ್ಲಿ, ನಮ್ಮ 33 ಡಿಗ್ರಿ ಹಾಲಿನಲ್ಲಲ್ಲ. ಕುಡಿದು ಮುಖ ಕಿವುಚಿ "ಲೋಕಲ್ ವೈನ್ ಅಷ್ಟೇ ಗುರು" ಅಂದ್ರೆ ತಪ್ಪು ಯಾರದ್ದು?

ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು ಹಾಕಿ. ಬರೀ ಐಸಿಗಿಂತ ನೀರು ಬಾಟಲಿಯನ್ನ ಸುತ್ತಲೂ ಮುಟ್ಟುತ್ತೆ, ಬೇಗ ತಣಿಸುತ್ತೆ. ಸ್ಪಾರ್ಕ್ಲಿಂಗಿಗೆ ಅರ್ಧ ಗಂಟೆ ಸಾಕು. ಫ್ರಿಜ್ಜಲ್ಲಿ ತೀರಾ ತಣಿದ ಬಿಯರನ್ನ ಹತ್ತು ನಿಮಿಷ ಹೊರಗಿಟ್ಟು, ಬಾಟಲಿಯಿಂದಲ್ಲ, ಗ್ಲಾಸಿಗೆ ಸುರಿದು ಕುಡಿದು ನೋಡಿ.