ಕಾಗದದಿಂದ ಮೇಲೆದ್ದ ಗಣಿತ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಮನೆಗಳಿಂದ ಬಂದು, ಕನ್ನಡದಲ್ಲಿ ಗಣಿತ ಕಲಿತು, ಮುಂದೆ ಇಂಜಿನಿಯರಿಂಗ್ ಕಾಲೇಜನ್ನು ಸೇರುವ ನಮ್ಮ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಎಡವುವ ಸ್ಥಳವೊಂದುಂಟು: ಎರಡು ಚರಾಕ್ಷರಗಳ ಕಲನಶಾಸ್ತ್ರ. ತೊಡಕೆಲ್ಲ ಇಂಗ್ಲಿಷಿನದೆಂದು ಹಿರಿಯರು ಮರುಗುತ್ತಾರೆ. ಅದು ಅರ್ಧ ಮಾತೆಂದು ನಮ್ಮ ಅಭಿಪ್ರಾಯ. ಚರಾಕ್ಷರ ಒಂದೇ ಇದ್ದಾಗ ಕಾಗದದ ಮೇಲಿನ ಗೆರೆಯಾಗಿದ್ದ ನಕ್ಷೆಯು, ಎರಡಾದೊಡನೆ ಗುಡ್ಡ ಕಣಿವೆಗಳುಳ್ಳ ಮೈಯಾಗಿ ಮೇಲೆದ್ದು ನಿಲ್ಲುತ್ತದೆ. ಕರಿಹಲಗೆಯ ಮೇಲೆ ಅದನ್ನು ತೋರಿಸುವುದು ನುರಿತ ಅಧ್ಯಾಪಕರಿಗೂ ಪ್ರಯಾಸ.

ಇಂದು ಇದಕ್ಕೆ ನೆರವುಂಟು. ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆರಂಭಿಸಿದ ಜಿಯೋಜೀಬ್ರಾ ತಂತ್ರಾಂಶಕ್ಕೆ 2014ರಲ್ಲಿ ಮೂರು ಆಯಾಮಗಳ ನಕ್ಷೆ ಸೇರಿತು. ಡೆಸ್ಮಾಸ್‌ನವರದು 2023ರಲ್ಲಿ ಬಂದಿತು. ಅಮೆರಿಕೆಯ ಪಾಲ್ ಸೀಬರ್ಗರ್ ರಚಿಸಿದ ಕ್ಯಾಲ್ಕ್‌ಪ್ಲಾಟ್‌ತ್ರೀಡಿ ಈ ವಿಷಯದ ಬೋಧನೆಗೆಂದೇ ಹುಟ್ಟಿದ್ದು. ಮೂರಕ್ಕೂ ವಿದ್ಯಾರ್ಥಿ ದುಡ್ಡು ತೆರಬೇಕಿಲ್ಲ. ದಿನದ ಅಭ್ಯಾಸಕ್ಕೆ ಫೋನಿನಲ್ಲಿ ಜಿಯೋಜೀಬ್ರಾ ಸಾಕು; ಸ್ಪರ್ಶತಲ, ಸಮೋನ್ನತಿ ರೇಖೆ ಮೊದಲಾದವನ್ನು ಕೂಡಿಸಿ ನೋಡಲು ಸೀಬರ್ಗರರದು ಮೇಲು.

ಆದರೂ ನಮ್ಮದೊಂದು ಹಟ: ಮೊದಲು ಪೆನ್ಸಿಲು, ಆಮೇಲೆ ಪರದೆ. ಸಮೋನ್ನತಿ ರೇಖೆಗಳನ್ನು ನಾವು ಭೂಗೋಳದ ಪಾಠದಲ್ಲಿ ಕನ್ನಡದಲ್ಲಿಯೇ ಕಲಿತವರು. ಮುಂಬ್ರಾದ ಬಳಿ ರೈಲಿನ ಕಿಟಕಿಗೆ ಎದುರಾಗುವ ಪಾರ್ಸಿಕ್ ಗುಡ್ಡವನ್ನು ಆ ರೇಖೆಗಳಲ್ಲಿ ಊಹಿಸಬಲ್ಲವರಿಗೆ ಈ ಗಣಿತ ಪರಕೀಯವಲ್ಲ. ಎಕ್ಸ್ ವರ್ಗದಿಂದ ವೈ ವರ್ಗವನ್ನು ಕಳೆದ ಬೆಲೆಯೇ ಎತ್ತರವೆಂದು ಹಿಡಿದು ರೇಖೆಗಳನ್ನೆಳೆಯಿರಿ. ಮೂಲಬಿಂದುವಿನಲ್ಲಿ ಎರಡು ನೇರ ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ. ಬಳಿಕ ಪರದೆಯ ಮೇಲೆ ತಿರುಗಿಸಿ ನೋಡಿರಿ: ಅದು ಕುದುರೆಯ ಜೀನು! ಒಂದು ದಿಕ್ಕಿಗೆ ಏರು, ಅಡ್ಡ ದಿಕ್ಕಿಗೆ ಇಳಿಜಾರು. ಎರಡೂ ಆಂಶಿಕ ಅವಕಲಗಳು ಸೊನ್ನೆಯಾಗಿದ್ದರೂ ಅಲ್ಲಿ ಶಿಖರವೂ ಇಲ್ಲ, ತಳವೂ ಇಲ್ಲ.

ಪರದೆ ಸುಳ್ಳನ್ನೂ ಹೇಳೀತು. ಎಕ್ಸ್ ವರ್ಗ ಮತ್ತು ವೈಗಳ ಗುಣಲಬ್ಧವನ್ನು, ಎಕ್ಸ್‌ನ ನಾಲ್ಕನೆಯ ಘಾತ ಮತ್ತು ವೈ ವರ್ಗಗಳ ಮೊತ್ತದಿಂದ ಭಾಗಿಸಿರಿ. ಯಾವ ನೇರ ದಾರಿಯಿಂದ ಮೂಲಬಿಂದುವಿಗೆ ಹೋದರೂ ಎತ್ತರ ಸೊನ್ನೆಯನ್ನು ಸಮೀಪಿಸುತ್ತದೆ. ವೈಯು ಎಕ್ಸ್ ವರ್ಗಕ್ಕೆ ಸಮವಾಗಿರುವ ಬಾಗುದಾರಿಯಲ್ಲಿ ಹೋದರೋ, ಉದ್ದಕ್ಕೂ ಅರ್ಧವೇ! ಅಲ್ಲಿಗೆ ಮಿತಿಯೇ ಇಲ್ಲವೆಂದಾಯಿತು. ಬಿಡಿಬಿಂದುಗಳಲ್ಲಿ ಬೆಲೆಕಟ್ಟಿ ನಡುವಿನದನ್ನು ಹೆಣೆಯುವ ತಂತ್ರಾಂಶವು ಇದನ್ನು ತಾನಾಗಿ ತಿಳಿಸದು. ಆ ಬಾಗುದಾರಿಯನ್ನು ವಿದ್ಯಾರ್ಥಿಯೇ ಮೈಯ ಮೇಲೆ ಎಳೆದು ನೋಡಬೇಕು.

ನಮ್ಮ ಶಾಲೆಯ ಗಣಕಯಂತ್ರಗಳ ಕೋಣೆ ಶನಿವಾರ ಮಧ್ಯಾಹ್ನ ಬೀಗ ಹಾಕಿಕೊಂಡಿರುತ್ತದೆ. ಎರಡು ತಾಸು ಅದನ್ನು ಹಳೆಯ ವಿದ್ಯಾರ್ಥಿಗಳಿಗೆ ತೆರೆದಿಟ್ಟರೆ, ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಇಲ್ಲಿ ಕಣ್ಣಾರೆ ಕಂಡು, ಕನ್ನಡದಲ್ಲಿ ಚರ್ಚಿಸಬಹುದು. ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಆಡಳಿತ ಮಂಡಳಿಯವರು ಗೊತ್ತುಮಾಡಲಿ.