ಇಸ್ಪೀಟು ಎಲೆಗೆ ಭವಿಷ್ಯ ತಿಳಿದದ್ದು ಯಾವಾಗ?

ಮದುವೆಯ ಮಾತುಕತೆ ಮುಗಿದು ಇನ್ನೇನು ದಿನಾಂಕ ನಿಗದಿಯಾಗಬೇಕು ಎನ್ನುವಾಗ ಪರಿಚಿತ ಕುಟುಂಬವೊಂದರಲ್ಲಿ ಇತ್ತೀಚೆಗೆ ಸಂಬಂಧ ಮುರಿದು ಬಿತ್ತು. ವರನ ಕಡೆಯವರು ವರದಕ್ಷಿಣೆ ಕೇಳಿರಲಿಲ್ಲ. ಹುಡುಗನ ನಡತೆಯ ಕುರಿತು ಯಾರಿಗೂ ಆಕ್ಷೇಪವಿರಲಿಲ್ಲ. ಪದವೀಧರೆಯಾದ ಹುಡುಗಿ ಮೊಬೈಲಿನ ಮೂಲಕ ಹಣ ಪಾವತಿಸಿ, ಟ್ಯಾರೋ ಕಾರ್ಡ್ ಓದುವ ಮಹಿಳೆಯೊಬ್ಬರಲ್ಲಿ ತನ್ನ ಭವಿಷ್ಯ ಕೇಳಿದ್ದಳು. ಮೂರು ಎಲೆಗಳು ಬಿದ್ದವು. ಮೂರನೆಯದು ಸಿಡಿಲು ಬಡಿದು ಕುಸಿಯುತ್ತಿರುವ ಗೋಪುರ. ಅಷ್ಟಕ್ಕೆ ಆಕೆ ಮದುವೆ ಬೇಡವೆಂದಳು.

ಹುಡುಗಿಯ ತಂದೆ ನನ್ನ ಬಳಿ ಬಂದು ಕೇಳಿದ್ದು ಫತ್ವಾವನ್ನಲ್ಲ. "ಅದು ಈಜಿಪ್ಟಿನ ಸಾವಿರಾರು ವರ್ಷಗಳ ವಿದ್ಯೆ ಎನ್ನುತ್ತಾಳೆ, ಹೌದೇ?" ಎಂದು ಕೇಳಿದರು. ಹರಾಮ್ ಎಂಬ ಒಂದು ಪದದಲ್ಲಿ ಉತ್ತರ ಮುಗಿಸಬಹುದಿತ್ತು. ಆದರೆ ಹುಡುಗಿ ಮುಂದಿಟ್ಟಿರುವುದು ಇತಿಹಾಸದ ವಾದ. ಅದಕ್ಕೆ ಇತಿಹಾಸದಿಂದಲೇ ಉತ್ತರ ಕೊಡುವುದು ನ್ಯಾಯ.

ಈಜಿಪ್ಟಿಗೂ ಇಸ್ಪೀಟಿಗೂ ಸಂಬಂಧವಿರುವುದು ನಿಜ. ಆದರೆ ಅದು ಫರೋವನ ಈಜಿಪ್ಟ್ ಅಲ್ಲ, ಮಮ್ಲೂಕ್ ಸುಲ್ತಾನರ ಈಜಿಪ್ಟ್. ಆ ಕಾಲದ ಆಟದ ಎಲೆಗಳ ಒಂದು ಕಟ್ಟು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಇಂದಿಗೂ ಇದೆ. ನಾಣ್ಯ, ಬಟ್ಟಲು, ಖಡ್ಗ ಮತ್ತು ಪೋಲೋ ಕೋಲು ಅದರ ನಾಲ್ಕು ಬಣಗಳು. ಮನುಷ್ಯರ ಚಿತ್ರಗಳಿಲ್ಲ, ರಾಜ, ನಾಯಿಬ್ ಎಂಬ ಪದವಿಗಳನ್ನು ಅಕ್ಷರಗಳಲ್ಲೇ ಬರೆಯಲಾಗಿದೆ. ಹದಿನಾಲ್ಕನೇ ಶತಮಾನದಲ್ಲಿ ಇಂಥ ಎಲೆಗಳು ಮೆಡಿಟರೇನಿಯನ್ ದಾಟಿ ಯುರೋಪನ್ನು ಸೇರಿದವು. 1377ರ ವೇಳೆಗೆ ಫ್ಲಾರೆನ್ಸ್ ನಗರದಲ್ಲಿ ಈ ಆಟಕ್ಕೆ ನಿರ್ಬಂಧ ಹೇರುವಷ್ಟು ಅದು ಹಬ್ಬಿತ್ತು. ಪೋಲೋ ಆಟವನ್ನೇ ಅರಿಯದ ಯುರೋಪಿಯನ್ನರ ಕೈಯಲ್ಲಿ ಪೋಲೋ ಕೋಲು ಬರೀ ದೊಣ್ಣೆಯಾಯಿತು. ಸ್ಪೇನಿನವರು ಇಸ್ಪೀಟಿಗೆ ಇಂದಿಗೂ 'ನಾಯ್ಪೆಸ್' ಎನ್ನುತ್ತಾರೆ. ನಾಯಿಬ್ ಎಂಬ ನಮ್ಮ ಪರಿಚಿತ ಪದವೇ ಅದರ ಮೂಲ.

ಟ್ಯಾರೋ ಹುಟ್ಟಿದ್ದು ಇದರ ನಂತರ, 1440ರ ಆಸುಪಾಸಿನಲ್ಲಿ, ಉತ್ತರ ಇಟಲಿಯಲ್ಲಿ. ಇದ್ದ ಐವತ್ತಾರು ಎಲೆಗಳಿಗೆ ಅಲ್ಲಿನ ಶ್ರೀಮಂತರು ಇಪ್ಪತ್ತೆರಡು ಚಿತ್ರದ ಎಲೆಗಳನ್ನು ಸೇರಿಸಿದರು. ನಮ್ಮ ಇಸ್ಪೀಟು ಕಟ್ಟೆಗಳಲ್ಲಿ 'ತುರುಫು' ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅಂಥ ಎಲೆಗಳು. ಮಿಲಾನಿನ ದೊರೆಗಳಾದ ವಿಸ್ಕೊಂಟಿ ಮತ್ತು ಸ್ಫೋರ್ಜಾ ಮನೆತನಗಳಿಗಾಗಿ ಚಿನ್ನದ ತಗಡು ಹಚ್ಚಿ ಬರೆದ ಎಲೆಗಳು ಈಗಲೂ ವಸ್ತು ಸಂಗ್ರಹಾಲಯಗಳಲ್ಲಿವೆ. ಸುಮಾರು ಮುನ್ನೂರು ವರ್ಷ ಕಾಲ ಜನರು ಅವುಗಳನ್ನು ಹಿಡಿದು ಆಟವಾಡಿದರು. ಫ್ರಾನ್ಸಿನಲ್ಲಿ ಟ್ಯಾರೋ ಇಂದಿಗೂ ಮನೆಮಂದಿ ಕುಳಿತು ಆಡುವ ಇಸ್ಪೀಟು ಆಟವೇ.

ಹಾಗಾದರೆ ಸಾವಿರಾರು ವರ್ಷಗಳ ಕಥೆ ಎಲ್ಲಿಂದ ಬಂತು? 1781ರಲ್ಲಿ ಕೂರ್ ದ ಜೆಬಲಾಂ ಎಂಬ ಫ್ರೆಂಚ್ ವಿದ್ವಾಂಸನು ತನ್ನ ಗ್ರಂಥವೊಂದರಲ್ಲಿ, ಈ ಎಲೆಗಳು ಪ್ರಾಚೀನ ಈಜಿಪ್ಟಿನ ಪುರೋಹಿತರು ಮರೆಮಾಚಿ ಉಳಿಸಿದ ಜ್ಞಾನಗ್ರಂಥವೆಂದು ಘೋಷಿಸಿಬಿಟ್ಟನು. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ. ಶಾಂಪೋಲಿಯೋನ್ ಅದರ ಗುಟ್ಟನ್ನು ಬಿಡಿಸಿದ್ದು 1822ರಲ್ಲಿ. ಲಿಪಿ ಓದಲು ಬಂದ ಮೇಲೆ ಟ್ಯಾರೋವಿನ ಸುಳಿವು ಅಲ್ಲಿ ಎಲ್ಲೂ ಸಿಗಲಿಲ್ಲ. ಆದರೆ ಅಷ್ಟರಲ್ಲಿ ವ್ಯಾಪಾರ ಕುದುರಿತ್ತು. ಎತೈಯ್ಯಾ ಎಂಬ ಹೆಸರಿನಿಂದ ಪ್ರಸಿದ್ಧನಾದ ಪ್ಯಾರಿಸಿನ ಒಬ್ಬಾತ 1789ರ ಹೊತ್ತಿಗೆ ಭವಿಷ್ಯ ಹೇಳುವುದಕ್ಕೆಂದೇ ಪ್ರತ್ಯೇಕ ಟ್ಯಾರೋ ಕಟ್ಟನ್ನು ಮಾರುಕಟ್ಟೆಗೆ ಬಿಟ್ಟಿದ್ದನು.

ಆ ಹುಡುಗಿಯನ್ನು ಬೆದರಿಸಿದ ಚಿತ್ರಕ್ಕಂತೂ ಇನ್ನೂ ಕಡಿಮೆ ವಯಸ್ಸು. ಇಂದು ಎಲ್ಲೆಡೆ ಕಾಣುವ ಟ್ಯಾರೋ ಚಿತ್ರಗಳನ್ನು 1909ರಲ್ಲಿ ಲಂಡನಿನಲ್ಲಿ, ಎ. ಇ. ವೇಟ್ ಎಂಬವರ ಸೂಚನೆಯಂತೆ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ. ಸಿಕ್ಕಿದ್ದು ಅಲ್ಪ ಸಂಭಾವನೆ. ಕೋಟ್ಯಂತರ ಜನರ ಅದೃಷ್ಟ ಹೇಳುವ ಎಲೆಗಳನ್ನು ಬರೆದ ಆಕೆ 1951ರಲ್ಲಿ ತೀರಿಕೊಂಡಾಗ ಸಾಲಗಾರ್ತಿಯಾಗಿದ್ದರು. ಎಲೆಗಳು ಅವರಿಗೆ ಮುನ್ಸೂಚನೆ ಕೊಟ್ಟಿರಲಿಲ್ಲವೆಂದು ತೋರುತ್ತದೆ!

"ಆದರೂ ಆಕೆ ಹೇಳಿದ್ದೆಲ್ಲ ನನಗೆ ಸರಿಹೊಂದಿತಲ್ಲ?" ಎಂಬುದು ಹುಡುಗಿಯ ಎರಡನೆಯ ವಾದ. 1948ರಲ್ಲಿ ಅಮೇರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಅವರವರ ವ್ಯಕ್ತಿತ್ವದ ವಿವರಣೆ ಎಂದು ಹೇಳಿ ಒಂದೊಂದು ಹಾಳೆ ಕೊಟ್ಟರು. ಐದರಲ್ಲಿ ಎಷ್ಟು ಅಂಕ ಕೊಡುವಿರಿ ಎಂದು ಕೇಳಿದಾಗ ಸರಾಸರಿ ನಾಲ್ಕಕ್ಕಿಂತ ಹೆಚ್ಚು ಬಂತು. ಎಲ್ಲರ ಹಾಳೆಯಲ್ಲಿದ್ದುದು ಒಂದೇ ಬರಹ. ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯ ಪುಸ್ತಕದಿಂದ ಆರಿಸಿದ್ದು. ಹೊರಗೆ ನಗುತ್ತೀರಿ, ಒಳಗೆ ಆತಂಕವಿದೆ ಎಂಬ ಮಾತು ಯಾರಿಗೆ ತಾನೇ ಸರಿಹೊಂದದು? ಟ್ಯಾರೋ ಓದುವವರ ಅನುಕೂಲವಾದರೋ ಇನ್ನೂ ದೊಡ್ಡದು. ಎಲೆ ನೇರವಾಗಿ ಬಿದ್ದರೆ ಒಂದು ಅರ್ಥ, ತಲೆಕೆಳಗಾದರೆ ಇನ್ನೊಂದು. ಮರಣದ ಎಲೆ ಬಂದರೂ, ಇದು ಮರಣವಲ್ಲ, ಬದಲಾವಣೆ ಎನ್ನಬಹುದು. ಯಾವ ಎಲೆಯೂ ಸುಳ್ಳಾಗದಂತೆ ಮೊದಲೇ ವ್ಯವಸ್ಥೆಯಾಗಿದೆ.

ಇಷ್ಟನ್ನು ಓದಿ ನಮ್ಮ ಹಿರಿಯರು ತೃಪ್ತಿಯಿಂದ ತಲೆದೂಗಬಹುದು. ಸ್ವಲ್ಪ ತಾಳಬೇಕು. ಕಳವಾದ ಒಡವೆಗಾಗಿ ಉಸ್ತಾದರೊಬ್ಬರಿಂದ ಫಾಲ್ ತೆಗೆಸುವವರು ಯಾರು? ಗಲ್ಫಿನ ವೀಸಾ ಬರುವುದೇ ಎಂದು ತಾಯಿಯ ಹೆಸರು ಕೊಟ್ಟು ಲೆಕ್ಕ ಹಾಕಿಸುವವರು ಯಾರು? ಇರಾನಿನಲ್ಲಿ ಹಾಫಿಝರ ದೀವಾನನ್ನೇ ಮುಚ್ಚಿದ ಕಣ್ಣಿನಿಂದ ತೆರೆದು ಭವಿಷ್ಯ ನೋಡುತ್ತಾರೆ. ಸಫವಿ ಮತ್ತು ಉಸ್ಮಾನಿ ಆಸ್ಥಾನಗಳಲ್ಲಿ ಬಣ್ಣದ ಚಿತ್ರಗಳ ಫಾಲ್‌ನಾಮಾಗಳನ್ನೇ ಸಿದ್ಧಪಡಿಸಲಾಗಿತ್ತು. ಪುಟ ತೆರೆದರೆ ಚಿತ್ರ, ಪಕ್ಕದಲ್ಲಿ ಶುಭಾಶುಭ. ಟ್ಯಾರೋವಿಗೂ ಇದಕ್ಕೂ ಎಷ್ಟು ಅಂತರ? ಗುರುತಿಲ್ಲದ ಮತ್ತು ಗುರುತು ಹಾಕಿದ ಬಾಣಗಳನ್ನು ಚೀಲದಿಂದ ಎಳೆದು ಪ್ರಯಾಣ, ಮದುವೆಗಳನ್ನು ತೀರ್ಮಾನಿಸುತ್ತಿದ್ದ ಅರಬರ ಪದ್ಧತಿಯನ್ನು ಕುರ್‌ಆನ್ ಅಲ್‌ಮಾಇದಾ ಅಧ್ಯಾಯದಲ್ಲಿ ಮದ್ಯ ಮತ್ತು ಜೂಜಿನ ಜೊತೆಯಲ್ಲೇ ಇಟ್ಟು ನಿಷೇಧಿಸಿದೆ. ಬಾಣದ ಬದಲು ಎಲೆ ಬಂದರೂ, ತಸ್ಬೀಹ್ ಮಣಿ ಬಂದರೂ ಕೆಲಸ ಒಂದೇ.

ಇಸ್ತಿಖಾರದ ಗತಿಯನ್ನೇ ನೋಡಿ. ವಿಚಾರಿಸಿ, ತಿಳಿದವರಲ್ಲಿ ಸಮಾಲೋಚಿಸಿ, ಬಳಿಕ ಎರಡು ರಕಅತ್ ನಮಾಝ್ ಮಾಡಿ ಸ್ವತಃ ಅಲ್ಲಾಹನಲ್ಲಿ ಒಳಿತನ್ನು ಬೇಡಲು ಪ್ರವಾದಿ(ಸ) ಕಲಿಸಿದ ಪ್ರಾರ್ಥನೆ ಅದು. ಈಗ ಹಣ ಕೊಟ್ಟು ಮತ್ತೊಬ್ಬರಿಂದ 'ಇಸ್ತಿಖಾರ ನೋಡಿಸುವ' ರೂಢಿ ಬಂದಿದೆ. ಕನಸಿನಲ್ಲಿ ಹಸಿರು ಕಂಡರೆ ಹೌದು, ಕಪ್ಪು ಕಂಡರೆ ಇಲ್ಲ! ಮನೆಯಲ್ಲಿ ಇದನ್ನು ಕಂಡು ಬೆಳೆದ ಹುಡುಗಿಗೆ ಕಾರ್ಡ್ ಹೊಸದೆನಿಸಿರಲಾರದು.

ಮಾತಿನ ನಡುವೆ ತಂದೆಯವರು ಇನ್ನೊಂದು ಸಂಗತಿ ಹೇಳಿದರು. ಹುಡುಗಿಯ ಅಕ್ಕನ ದಾಂಪತ್ಯ ಎರಡು ವರ್ಷಗಳಲ್ಲೇ ಮುರಿದಿತ್ತು. ಈ ಸಂಬಂಧ ಕುದುರಿದಾಗ ಸಭಾಂಗಣ, ಮಹ್ರ್, ಅತಿಥಿಗಳ ಸಂಖ್ಯೆ ಎಲ್ಲವೂ ಚರ್ಚೆಯಾದವು. ನಿನಗೆ ಏನು ಭಯ ಎಂದು ಆಕೆಯನ್ನು ಕೇಳಿದ್ದು ಆ ಕಾರ್ಡ್ ಓದುವ ಮಹಿಳೆ ಒಬ್ಬಳೇ. ಅದೂ ಹಣ ಪಡೆದು. ತನ್ನ ಇಷ್ಟಕ್ಕೆ ವಿರುದ್ಧವಾಗಿ ತಂದೆ ನಿಕಾಹ್ ಮಾಡಿಸಿದರೆಂದು ಖನ್ಸಾ ಬಿಂತ್ ಖಿದಾಮ್(ರ) ದೂರಿತ್ತಾಗ ಪ್ರವಾದಿ(ಸ) ಆ ನಿಕಾಹನ್ನೇ ರದ್ದುಗೊಳಿಸಿದ್ದನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ನಮ್ಮ ಎಷ್ಟು ಮನೆಗಳಲ್ಲಿ ಹುಡುಗಿಯ ಒಪ್ಪಿಗೆ ಎಂದರೆ ತಲೆ ತಗ್ಗಿಸಿದ್ದಕ್ಕಿಂತ ಹೆಚ್ಚಿನದಾಗಿದೆ?

ಇದನ್ನೆಲ್ಲ ಬರೆದು ಕೊಡಿ, ಮಗಳಿಗೆ ತೋರಿಸುತ್ತೇನೆ ಎಂದು ತಂದೆಯವರು ಕೇಳಿಕೊಂಡಿದ್ದರು. ಬರೆದಿದ್ದೇನೆ. ತೋರಿಸುವುದಕ್ಕೆ ಮುನ್ನ, ಆ ಮಹಿಳೆ ಕೇಳಿದ ಪ್ರಶ್ನೆಯನ್ನು ತಾವೂ ಒಮ್ಮೆ ಕೇಳಿರೆಂದು ವಿನಂತಿಸಿದ್ದೇನೆ.